ಉಳಿದ ಹನ್ನೊಂದು ಪುಸ್ತಕ

ಮೊಂಡಿ, ತಾತ ಹೇಳ್ತಿದೀನಿ, ನಿಮ್ಮಮ್ಮ ಬರೀತಿದಾಳೆ. ಕಣ್ಣಿಗೆ ಹನಿ ಹಾಕಿದಾರೆ, ಅಕ್ಷರ ಕಾಣಲ್ಲ. ನೀನು ಸ್ಕೂಲಿಂದ ಬರೋಷ್ಟರಲ್ಲಿ ನಾವು ಆಸ್ಪತ್ರೆಲಿರ್ತೀವಿ. ಪಕ್ಕದ್ಮನೆ ಟೈಲರ್ ಆಂಟಿ ಹತ್ರ ಊಟ ಮಾಡು.

ಮಂಚದ ಮೇಲಿರೋ ಕಾಮಿಕ್ಸ್ ಕಲಸಬೇಡ. ಹೀರೋಗಳೆಲ್ಲ ಒಟ್ಟು ಸೇರಿ ಹೊಡೆದಾಡೋ ಒಂದು ಕಥೆನ ಮೂವತ್ನಾಲ್ಕು ಪುಸ್ತಕಕ್ಕೆ ಹಂಚಿಟ್ಟಿದಾರೆ ಪುಣ್ಯಾತ್ಮರು. ಮೊದಲು ನಾನು ಒಬ್ಬೊಬ್ಬ ಹೀರೋದು ಬೇರೆ ಬೇರೆ ಜೋಡಿಸಿ ಓದಿದೆ. ಒಂದ್ರಲ್ಲಿ ಸತ್ತೋನು ಇನ್ನೊಂದ್ರಲ್ಲಿ ಕೂತು ಗಡ್ಡ ಬೋಳಿಸ್ಕೊಳ್ತಿದ್ದ. ಈಗ ನೀನು ಪೆನ್ಸಿಲಲ್ಲಿ ಹಾಕಿದ ನಂಬರ್ ಪ್ರಕಾರವೇ ಇಟ್ಟಿದೀನಿ. ಹನ್ನೊಂದು ಉಳಿದಿದೆ. ಮುಗಿಸಿಬಿಡೋಣ ಅಂತ ಬೆಳಿಗ್ಗೆ ಕೂತೆ, ಒಂದೇ ಪುಟನ ನಾಲ್ಕು ಸಲ ಓದಿ ಎತ್ತಿಟ್ಟೆ.

ಒಂದು ಕಣ್ಣು ಹೋದ ವರ್ಷವೇ ಹೋಯ್ತು, ಇರೋದು ಇದೊಂದೇ. ಡಾಕ್ಟ್ರು "ಏನೂ ಆಗಲ್ಲ ಯಜಮಾನ್ರೇ" ಅಂತಾರೆ. ಕೊಯ್ಯೋದು ಅವರ ಕಣ್ಣಲ್ಲವಲ್ಲ. ಹೆದರಿಕೆ ಆಗ್ತಿದೆ ಕಣೇ. ಇದನ್ನ ಬರೆಯಲ್ಲ ಅಂದ್ಲು ನಿಮ್ಮಮ್ಮ, ಬರಿ ಅಂದೆ.

ಕಟ್ಟು ಬಿಚ್ಚಿದ ಮೇಲೂ ಕಾಣದೇ ಹೋದ್ರೆ ನೀನೇ ಓದಿ ಹೇಳ್ಬೇಕು. ಬರೀ ಮಾತು ಓದಿದ್ರೆ ಸಾಲದು. ಯಾರು ಎಲ್ಲಿ ನಿಂತಿದಾರೆ, ಆಕಾಶ ಯಾವ ಬಣ್ಣ, ಎಲ್ಲ ಹೇಳು. ಯಾರಾದ್ರೂ ಸತ್ರೆ, ತಾತ ಅಳ್ತಾನೆ ಅಂತ ನೀನೇ ಬದುಕಿಸಿಬಿಡಬೇಡ.