ನಿನಗೆ ಆಗಿಬರಲ್ಲ ಅಕ್ಕಾ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ಮುದ್ದಿನ ತಮ್ಮಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಅಲ್ಲಿಯ ಕುರ್ಚಿಯಲ್ಲಾದರೂ ನೆಟ್ಟಗೆ ಕೂರುತ್ತೀಯೋ, ಇಲ್ಲವೋ? ಅಮ್ಮ ಚೆನ್ನಾಗಿದ್ದಾಳೆ, ಮೆಟ್ಟಿಲು ಕಂಡರೆ ಮಾತ್ರ ಅವಳ ಮಂಡಿ ಮುನಿಸಿಕೊಳ್ಳುತ್ತದೆ. ಫೋನನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗುವ ಕೆಲಸ ನಿನ್ನದು, ಹೊರಗೆ ಬಂದ ಮೇಲೂ ಎತ್ತುವುದಿಲ್ಲ. ಅದಕ್ಕೇ ಈ ಕಾಗದ.

ಅಮ್ಮನಿಗೆ ಈಗ ನಿನ್ನದೇ ಜಪ. "ಷೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅಂತ ನನ್ನ ಮಗ ಕಂಪ್ಯೂಟರಿಗೇ ಕಲಿಸ್ತಾನೆ" ಎಂದು ಕೆಳಗಿನ ಮನೆಯವರಿಗೆ ಹೇಳಿಯಾಯಿತು, ದರ್ಜಿಗೆ ಹೇಳಿಯಾಯಿತು, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದಳು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ "ಅವಳು ಅಲ್ಲೇ ಇದಾಳೆ" ಅನ್ನುತ್ತಾಳೆ. ಅಲ್ಲೇ ಇದ್ದೇನಂತೆ! ನಾನಿನ್ನೂ ಇರುವ ಈ ದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಮೊದಲು ನಿನ್ನನ್ನು ಸೇರಿಸಿದವಳು ನಾನು, ನಿನ್ನ ಕೈಹಿಡಿದು ಪ್ರೋಗ್ರಾಂ ಬರೆಯಿಸಿದವಳು ನಾನು. ಈಗ ಗುರುವಿಗೇ ತಿರುಮಂತ್ರ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚು. ನಿನ್ನ ಸಂಬಳದ ಮೇಲಲ್ಲ. ಸರಿ, ಸ್ವಲ್ಪ ಸಂಬಳದ ಮೇಲೂ. ಆದರೆ ಹೆಚ್ಚು ಉರಿಸುವುದು ಬೇರೆ: ಬೆಳಿಗ್ಗೆ ನೀನು ಬರೆದದ್ದು ಸರಿಯೋ ತಪ್ಪೋ ಸಂಜೆಯೊಳಗೆ ಗೊತ್ತಾಗಿಬಿಡುತ್ತದಂತೆ. ಇಲ್ಲಿ ನಾನು ಒಂದು ಕೆಂಪು ಚುಕ್ಕೆಯ ಜೊತೆ ಇಡೀ ಚಳಿಗಾಲ ಕಳೆದೆ. ಓದದ ಸಂದೇಶವಿದ್ದರೆ ಪರದೆಯ ಮೂಲೆಯಲ್ಲಿ ಮೂಡುವ ಚುಕ್ಕೆ ಅದು. ಅದು ಎಷ್ಟು ಕೆಂಪಿರಬೇಕು ಎಂಬುದಕ್ಕೆ ನಾಲ್ಕು ತಂಡಗಳ ಒಪ್ಪಿಗೆ ಬೇಕಾಯಿತು. ಎಲ್ಲರೂ ಒಪ್ಪಿದ ವಾರವೇ ಚುಕ್ಕೆ ಬೇಡವೆಂದು ಮೇಲಿನವರು ತೀರ್ಮಾನಿಸಿದರು. ಯಾರೂ ಬೈಯಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿ ಕೇಕ್ ತಿಂದರು. ಬೈದಿದ್ದರೂ ಸಮಾಧಾನವಾಗುತ್ತಿತ್ತೇನೋ.

ಕಳೆದ ಸಲ ಬಂದಾಗ ಅಮ್ಮನ ಹೊಲಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಿಮ್ಮ ಆಫೀಸಿನ ಆಟ ಆಡಿಸಿದೆಯಲ್ಲ? ಒಳಗೆ ಎಷ್ಟು ಗುಂಡಿಗಳಿರಬಹುದೆಂದು ಅಂದಾಜು ಮಾಡಿ, ಗುಂಡಿಗೊಂದು ರೂಪಾಯಿಯಂತೆ ಡಬ್ಬಿಯನ್ನು ಎಷ್ಟಕ್ಕೆ ಕೊಳ್ಳುತ್ತೀಯ, ಎಷ್ಟಕ್ಕೆ ಮಾರುತ್ತೀಯ, ಎರಡೂ ಬೆಲೆ ತಟ್ಟನೆ ಹೇಳಬೇಕು. "ನೂರಕ್ಕೆ ತಗೋತೀನಿ, ನೂರಿಪ್ಪತ್ತಕ್ಕೆ ಕೊಡ್ತೀನಿ" ಎಂದಳು ಅಮ್ಮ, ಸೊಪ್ಪು ಚೌಕಾಸಿ ಮಾಡಿದಷ್ಟೇ ಸಲೀಸಾಗಿ. ನಾನು, ಒಡೆದ ಗುಂಡಿಯೂ ಲೆಕ್ಕಕ್ಕುಂಟೇ, ಮುಂದೆ ಡಬ್ಬಿ ದೊಡ್ಡದಾದರೆ ಏನು ಮಾಡುವುದು ಎಂದು ಕೇಳುತ್ತಾ ಕೂತೆ. ನೀನು ನಕ್ಕೆ. "ನಿನ್ನ ಪ್ರಶ್ನೆ ಮುಗಿಯೋ ಹೊತ್ತಿಗೆ ಮಾರ್ಕೆಟ್ ಬಾಗಿಲು ಹಾಕಿರತ್ತೆ" ಎಂದೆ. ಅದಾದ ಮೇಲೂ ನಾನು ನಾಚಿಕೆ ಬಿಟ್ಟು ಕೇಳಿದೆ, ನಿಮ್ಮಲ್ಲಿ ನನ್ನ ಹೆಸರು ಹೇಳೋ ಎಂದು. "ನಿನಗೆ ಆಗಿಬರಲ್ಲ ಅಕ್ಕಾ, ದೂರದ ಬೆಟ್ಟ ನುಣ್ಣಗೆ" ಎಂದುಬಿಟ್ಟೆ. ಬೆಟ್ಟದ ಮೇಲೆ ಕೂತವನು ಆಡುವ ಮಾತೇನೋ ಅದು? ಅಂದಿನಿಂದ ಪಾತ್ರೆ ತೊಳೆಯುವಾಗ ನಿನ್ನ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ಬಿಡುವು ಕೊಡು. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ನನ್ನ ಹೊಟ್ಟೆ ಎಷ್ಟೇ ಉರಿಯಲಿ, ನೀನು ತಣ್ಣಗಿರು ಎಂದೇ ಹರಸುತ್ತೇನೆ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ನಿಮ್ಮ ಎದುರು ಬೀದಿಯ ಟ್ರೇಡಿಂಗ್ ಕಂಪನಿಯಿದೆಯಲ್ಲ, ಅವರ ಹೆಸರೆತ್ತಿದರೆ ನೀವೆಲ್ಲ ಮುಖ ಗಂಟಿಕ್ಕುತ್ತೀರಲ್ಲ, ಅವರು ನನ್ನನ್ನು ತೆಗೆದುಕೊಂಡಿದ್ದಾರೆ. ಪ್ರಶ್ನೆ ಕೇಳುವವಳೇ ಅವರಿಗೆ ಬೇಕಂತೆ. ಮುಂದಿನ ತಿಂಗಳು ಸೇರುತ್ತೇನೆ, ಅಮ್ಮನೂ ನನ್ನ ಜೊತೆ ಬರುತ್ತಾಳೆ. ಕಂಪನಿಯದು ಒಂದೇ ಷರತ್ತು: ಬೇರೆ ಕಂಪನಿಯಲ್ಲಿರುವ ನೆಂಟರ ಹತ್ತಿರ ಕೆಲಸದ ಮಾತೆತ್ತಕೂಡದು. ಚಿಕ್ಕಂದಿನಿಂದ ನಾವಿಬ್ಬರೂ ಬೇರೆ ಮಾತೇನು ಆಡಿದ್ದೇವೆ ಹೇಳು? ರುಜು ಹಾಕುವಾಗ ಕೈ ತಡೆಯಿತು ಕಣೋ. ಆದರೂ ಹಾಕಿದೆ. ಸಿಟ್ಟಾಗಬೇಡ. ಒಂದಿಷ್ಟು ಹೊಟ್ಟೆಕಿಚ್ಚು ಪಡು, ಸಾಕು.