‘ತಿಳಿಸಲಾಗಿದೆ’ ಎಂದವರು ಯಾರು ಸ್ವಾಮಿ?

ವಿಚಾರಣಾ ಸಮಿತಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂದು ಶುರು ಮಾಡುವುದು ರೂಢಿ. ನಿಮ್ಮ ವರದಿ ಓದಿದ ಮೇಲೆ ಆ ಪದ ಬಾಯಿಗೆ ಬರುತ್ತಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನ ಟ್ಯಾಂಕಿಗೆ ಚರಂಡಿ ನೀರು ಸೇರಿ ಹುಡುಗಿಯರು ಕಾಮಾಲೆಯಿಂದ ಹಾಸಿಗೆ ಹಿಡಿದರು. ನೀವು ಕೂತು ವಿಚಾರಣೆ ನಡೆಸಿ ಪತ್ತೆಹಚ್ಚಿದ ತಪ್ಪು ಯಾವುದು? ಪೈಪಿನದಲ್ಲ, ಪ್ರಭಾರ ಕುಲಪತಿ ಮೇಡಂ ಹೊರಡಿಸಿದ ಸೂಚನೆಯದು! ಅದು ‘ನಾಯಕತ್ವಕ್ಕೆ ತಕ್ಕ ಭಾಷೆಯಲ್ಲ’ವಂತೆ. ಆದ್ದರಿಂದ ಅವರನ್ನು ಹುದ್ದೆಯಿಂದ ಇಳಿಸಬೇಕಂತೆ. ಭೇಷ್!

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಹಾಸಿಗೆ ಹಿಡಿದವರಲ್ಲಿ ನನ್ನ ಮಗಳೂ ಒಬ್ಬಳು. ಭಾಷೆಯ ಮಾತು ತೆಗೆದವರು ನೀವೇ ಆದ್ದರಿಂದ, ಬನ್ನಿ, ವ್ಯಾಕರಣವನ್ನೇ ಮಾತಾಡೋಣ.

ಮೊದಲ ಸೂಚನೆ ಕುಲಸಚಿವರದು. ಮೇಡಂ ಆಗ ಊರಲ್ಲಿರಲಿಲ್ಲ. ‘ನೀರಿನ ಬಗ್ಗೆ ದೂರುಗಳು ಬಂದಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ವಿದ್ಯಾರ್ಥಿಗಳು ಅನಗತ್ಯವಾಗಿ ಆತಂಕಪಡಬಾರದೆಂದು ತಿಳಿಸಲಾಗಿದೆ.’ ಆಹಾ, ಎಂಥ ಗಾಂಭೀರ್ಯ! ಕ್ರಮ ಕೈಗೊಳ್ಳುವವರು ಯಾರು? ತಿಳಿಸಿದವರು ಯಾರು? ದೀಪ ಹಿಡಿದು ಹುಡುಕಿದರೂ ಒಬ್ಬ ಮನುಷ್ಯ ಸಿಗುವುದಿಲ್ಲ. ಇದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತೇವೆ. ಪ್ರಯೋಗ ಅವರದು, ಕರ್ಮ ನಮ್ಮ ಮಕ್ಕಳದು. ಅದನ್ನು ಓದಿದ ಮಗಳು ಫೋನಿನಲ್ಲಿ, “ಏನೂ ಇಲ್ವಂತಮ್ಮ, ನೋಟಿಸ್ ಹಾಕಿದಾರೆ” ಎಂದಳು. ಅದೇ ನಲ್ಲಿಯ ನೀರನ್ನು ಬಾಟಲಿ ತುಂಬ ಹಿಡಿದು ಕುಡಿದಳು.

ಎರಡನೆಯದು ಮೇಡಂ ವಾಪಸ್ ಬಂದವರೇ ಬರೆದದ್ದು. ‘ಆ ನೀರು ಕುಡಿಯಬೇಡಿ. ಏನಾಗಿದೆ ಎಂದು ನನಗಿನ್ನೂ ಗೊತ್ತಿಲ್ಲ. ಗೊತ್ತಾದ ತಕ್ಷಣ ನಾನೇ ಹೇಳುತ್ತೇನೆ. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು.’ ಅಷ್ಟೇ. ಹಾಸ್ಟೆಲಿನಲ್ಲಿ ಬಾಟಲಿಗಳೆಲ್ಲ ಬಚ್ಚಲಿಗೆ ಖಾಲಿಯಾದವು. ನನ್ನ ಮಗಳ ಮಟ್ಟಿಗೆ ಹೊತ್ತು ಮೀರಿತ್ತು, ಆದರೆ ಅವಳ ಪಕ್ಕದ ಮಂಚದ ಹುಡುಗಿ ಇವತ್ತು ಓಡಾಡಿಕೊಂಡಿದ್ದಾಳೆ.

ಈ ನಾಲ್ಕು ವಾಕ್ಯಗಳನ್ನು ನಿಮ್ಮ ಸಮಿತಿ ಹೇಗೆ ಓದಿತೆನ್ನುವುದನ್ನು ಪೋಷಕರ ಪರವಾಗಿ ವಿಚಾರಣೆಗೆ ಬಂದಿದ್ದ ನಾನು ಕಣ್ಣಾರೆ ನೋಡಿದೆ. “ಪಾಪ, ಹೆಣ್ಣುಮಗಳು, ಗಾಬರಿಬಿದ್ದಿದ್ದಾರೆ” ಎಂದು ಸದಸ್ಯರೊಬ್ಬರು ಕರುಣೆ ತೋರಿಸಿದರು. ನೀವು ಕನ್ನಡಕ ಒರೆಸುತ್ತ, “ಮೇಡಂ, ಆ ಕುರ್ಚೀಲಿ ಕೂತು ‘ನನಗೆ ಗೊತ್ತಿಲ್ಲ’ ಅನ್ನಬಹುದೇನ್ರೀ?” ಎಂದಿರಿ.

“ಗೊತ್ತಿರಲಿಲ್ಲ ಸರ್. ಅದಕ್ಕೇ ಹಾಗೆ ಬರೆದೆ” ಎಂದರು ಅವರು.

ನೀವೆಲ್ಲ ನಕ್ಕಿರಿ. ನನಗೆ ಮೈ ಉರಿದುಹೋಯಿತು.

ವರದಿಯಲ್ಲಿ ಅವರ ‘ತಪ್ಪು’ ಎಂಬ ಪದ ದೌರ್ಬಲ್ಯವಾಯಿತು. ಅದೇ ಮೇಡಂ ಕುಲಸಚಿವರಿಗೆ, “ಟ್ಯಾಂಕ್ ಮುಚ್ಚಿಸಿ ಅಂದ್ರೆ ಮುಚ್ಚಿಸಿ” ಎಂದು ದನಿ ಎತ್ತಿದ್ದು ‘ಒರಟು ವರ್ತನೆ’. ಕುಲಸಚಿವರು ನಿಮ್ಮೆದುರೇ ಮೇಜು ಗುದ್ದಿ, ನೀರಿನ ಲೋಟ ಉರುಳಿಸಿದ್ದು ಮಾತ್ರ ‘ದೃಢತೆ’! ನನ್ನ ಯಜಮಾನರು ವರದಿ ಓದಿ, “ಅಲ್ಲ ಕಣೇ, ಆಯಮ್ಮ ಮೆತ್ತಗೆ ಮಾತಾಡಿದ್ರೂ ತಪ್ಪು, ಗದರಿದ್ರೂ ತಪ್ಪು. ಇನ್ನೇನು, ಹಾಡಬೇಕಾ?” ಎಂದರು. ನಾಯಕತ್ವದ ಭಾಷೆ ಅಂದರೆ ಮೀಸೆಯ ಜೊತೆಗೇ ಬರುತ್ತದೆಯೇ? ತಿಳಿದವರು ನೀವು, ಹೇಳಿ.

ಮಗಳಿನ್ನೂ ದಿಂಬಿಗೊರಗಿಯೇ ಕೂರುತ್ತಾಳೆ. ಕಣ್ಣಿನ ಹಳದಿ ಇಳಿದಿಲ್ಲ. ನಿನ್ನೆ ಕೇಳಿದಳು: “ಮೇಡಂನ ತೆಗೆದುಬಿಡ್ತಾರಾ ಅಮ್ಮಾ? ಹಾಗಾದ್ರೆ ನಾನು ವಾಪಸ್ ಹೋಗಲ್ಲ. ಇನ್ನೊಂದ್ಸಲ ಹೀಗಾದ್ರೆ ನಮಗೆ ಯಾರು ಹೇಳ್ತಾರೆ?” ಓದಲೇಬೇಕೆಂದು ಹಟ ಹಿಡಿದು ಹೋದವಳು ಅವಳು. ಏನು ಹೇಳಲಿ ಸ್ವಾಮಿ?

ನಿಮ್ಮ ಶಿಫಾರಸನ್ನು ಹಿಂತೆಗೆದುಕೊಳ್ಳಿ, ಮೇಡಂ ಅಲ್ಲೇ ಇರಲಿ. ಆಗುವುದಿಲ್ಲ, ತೆಗೆದೇ ತೀರುತ್ತೀರಿ ಎನ್ನುವುದಾದರೆ ಒಂದೇ ಕೇಳುವುದು: ‘ಹುದ್ದೆಯಿಂದ ಬಿಡುಗಡೆಗೊಳಿಸಲಾಗಿದೆ’ ಎಂದು ಬರೆಯಬೇಡಿ. ‘ನೀರು ಕುಡಿಯಬೇಡಿ ಎಂದವರನ್ನು ನಾನು ತೆಗೆದುಹಾಕಿದೆ’ ಎಂದು ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿ, ಹಾಸ್ಟೆಲಿಗೆ ಬಂದು, ಆ ಹುಡುಗಿಯರ ಎದುರು ನಿಂತು ಗಟ್ಟಿಯಾಗಿ ಓದಿ.

ಇಂತಿ,
ಆತಂಕಪಡಬಾರದೆಂದು ತಿಳಿಸಲ್ಪಟ್ಟ ಒಬ್ಬ ತಾಯಿ