ಟೆಂಟಿಗೆ ಹಚ್ಚಿದ ಬೆಂಕಿ

ದೊಡ್ಮನೆ, ಸಿದ್ದಾಪುರ ತಾಲೂಕು
೭ ಏಪ್ರಿಲ್ ೨೦೨೫

ಮಗಳೇ ಮೇಧಾ,

ನಾವೆಲ್ಲ ಆರಾಮ. ನೀನು ಮಾಡಿದ ಸಿನೆಮಾ ಬಂದು ವಾರ ಕಳೆಯಿತು, ಅಜ್ಜ ಒಂದು ಮಾತು ಬರೆಯಲಿಲ್ಲ ಎಂದು ಬೇಜಾರಾಗಿರಬೇಕು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಫೋನಿನಲ್ಲಿ ಬೈಯೋಣವೆಂದರೆ ನಿನ್ನ ಚಿಕ್ಕಜ್ಜಿ ಪರಿಮಳಾ ಪಕ್ಕದಲ್ಲೇ ಇರುತ್ತಾಳೆ. ನಿನ್ನ ತಮ್ಮ ಶಶಾಂಕ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಶಿರಸಿಗೆ ಹೋಗಿ ನೋಡಿದೆ. ಆ ಕಾಲದ ಸಿನೆಮಾ ಟೆಂಟು, ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಗೋಣಿ ತಟ್ಟಿ, ಎಲ್ಲ ಸರಿಯಾಗಿದೆ. ಸಿನೆಮಾ ಮಷಿನ್ ಬಿಡುವ ಪಾತ್ರದವನಂತೂ ಥೇಟು ನನ್ನ ತಮ್ಮ ಕಮಲಾಕರನೇ. ಕುತ್ತಿಗೆ ಓರೆ ಮಾಡಿ ಬೀಡಿ ಹಚ್ಚಿದಾಗ "ಮನೆಗೆ ಬಾರೋ ಮಳ್ಳಾ" ಎಂದು ಕೂಗಿಬಿಟ್ಟೆ. ಹಿಂದಿನವ "ಅಜ್ಜಾ, ಕುಂತ್ಕಳಿ, ಅಂವಂಗೆ ಕೇಳ್ತಿಲ್ಲೆ" ಎಂದ. ಎಲ್ಲರೂ ನಕ್ಕರು.

ಆಮೇಲೆ ನೀನು ಟೆಂಟಿಗೆ ಬೆಂಕಿ ಹಾಕಿ ಅವನನ್ನು ಸುಟ್ಟೆ. ಕಥೆ ಮುಗಿಸಲು ನಿನಗೆ ಬೆಂಕಿ ಬೇಕಿತ್ತು, ಹಚ್ಚಿದೆ. ಇಲ್ಲಿ ಕಾಯುತ್ತಿರುವ ಅವನ ಹೆಂಡತಿಯ ಗತಿ?

ಯಲ್ಲಾಪುರದ ಕಡೆ ಟೆಂಟಿನ ಜೊತೆ ಹೋದವನು ನಲವತ್ತು ವರ್ಷವಾದರೂ ಬರಲಿಲ್ಲ. ದರ್ಭೆಯ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸಿ ಎಂದು ಭಟ್ಟರು ಹೇಳಿದಾಗ ನಿನ್ನ ಚಿಕ್ಕಜ್ಜಿ, "ಬೊಂಬೆ ಸುಡೂಲೆ ಅವ್ರು ಎಂತ ಸತ್ತೋಜ್ರಾ?" ಎಂದು ಅವರನ್ನು ಮೆಟ್ಟಿಲಿನಿಂದಲೇ ಕಳಿಸಿದವಳು. ಇವತ್ತಿಗೂ ಕುಂಕುಮ ಇಡುತ್ತಾಳೆ.

ಬರುವ ಭಾನುವಾರ ಊರ ಹೆಂಗಸರು ಓಮ್ನಿ ಮಾಡಿಕೊಂಡು ಸಿನೆಮಾಕ್ಕೆ ಹೊರಟಿದ್ದಾರೆ. ಇವಳು ಎಲ್ಲರಿಗಿಂತ ಮೊದಲು ಸೀರೆ ತೆಗೆದಿಟ್ಟಿದ್ದಾಳೆ. ಸುಮ್ಮನೆ ಕಥೆ ನೋಡಲು ಹೋಗುತ್ತಿಲ್ಲ ಅವಳು. "ಕೂಸು ಊರೂರು ತಿರುಗಿ ವಿಚಾರಿಸಿದ್ದು ಭಾವ, ಎಂತಾದ್ರೂ ಸುದ್ದಿ ಸಿಕ್ಕಿದ್ದಿಕ್ಕು" ಎನ್ನುತ್ತಾಳೆ. ನೀನು ತೋರಿಸಿದ್ದನ್ನು ಸುದ್ದಿ ಎಂದೇ ತಿಳಿಯುತ್ತಾಳೆ. ಹೊರಗೆ ಬರುವಾಗ ಹಣೆ ಒರೆಸಿಕೊಂಡೇ ಬರುತ್ತಾಳೆ. ಬೇಡ ಎನ್ನಲು ಬಾಯಿ ತೆಗೆದರೆ "ಎಂತಕ್ಕೆ?" ಎನ್ನುತ್ತಾಳೆ. ಏನು ಹೇಳಲಿ?

ಶನಿವಾರದೊಳಗೆ ಬಾ. ಕೆಲಸ ಗಿಲಸ ಎನ್ನಬೇಡ. ಕಥೆ ಕಟ್ಟಿದವಳು ನೀನು, ಅದು ಕಟ್ಟಿದ್ದು ಎಂದು ಅವಳಿಗೆ ಹೇಳಬೇಕಾದವಳೂ ನೀನೇ.

ಬೈದೆನೆಂದು ಊಟ ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜ
ರಘುಪತಿ

ತಾ.ಕ.: ಸಿನೆಮಾ ನೋಡಿ ಬಂದವನು ಮನೆಯೊಳಗೆ ಕಾಲಿಡಲಿಲ್ಲ. ಉಟ್ಟ ಬಟ್ಟೆಯಲ್ಲೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡೆ, ಸಾವಿನ ಸುದ್ದಿ ಕೇಳಿದವರು ಮೀಯುವ ಹಾಗೆ. ಪರಿಮಳಾ ಓಡಿ ಬಂದು "ಯಾರು ಹೋದ್ವ ಭಾವ?" ಎಂದಳು. "ಯಾರೂ ಇಲ್ಲೆ, ಸೆಖೆ" ಎಂದೆ. ಮೇಧಾ, ಆ ಬೆಂಕಿಯ ಕಥೆ ನೀನೇ ಕಟ್ಟಿದ್ದೋ, ನಡೆದದ್ದೆಂದು ಯಾರಾದರೂ ಹೇಳಿದ್ದೋ? ಅವಳಿಗೆ ಹೇಳುವ ಮೊದಲು ನನಗೆ ಹೇಳು. ನಾನು ಅವನ ಅಣ್ಣ.